ಮಿಹ್ರಾಬಿನ ಟೊಮೆಟೊ

ಯಾವುದೇ ಹಳೇ ಕಟ್ಟಡ ಸೋರಬೇಕಾದರೂ ಮೊದಲು ಕಂಪ್ಯೂಟರಿನಲ್ಲಿ ನೋಂದಾಯಿಸಿಕೊಂಡಿರತಕ್ಕದ್ದು ಎಂಬುದು ಎಲ್ಲರಿಗೂ ತಿಳಿದ ನಿಯಮ.

ನಮ್ಮೂರ ಮಸೀದಿಯ ಗುಮ್ಮಟ ಮಾತ್ರ ನೋಂದಣಿಯಿಲ್ಲದೆಯೇ ಸೋರುತ್ತಿತ್ತು. ನೀರು ತೊಟ್ಟಿಕ್ಕುತ್ತಿದ್ದದ್ದು ಮಿಹ್ರಾಬಿನ ಮೇಲೆ. ಎಂದರೆ ನಮಾಜಿಗೆ ದಿಕ್ಕು ತೋರಿಸುವ, ಗೋಡೆಯೊಳಗಿನ ಕಮಾನಿನ ಗೂಡಿನ ಮೇಲೆ. ಅದರ ಸುತ್ತ ಗಾರೆಯಲ್ಲಿ ಹೂಬಳ್ಳಿ ಬಿಡಿಸಿದವರು ಮಸೀದಿ ನೋಡಿಕೊಳ್ಳುವ ದಸ್ತಗೀರ್ ಸಾಬರ ತಾತ. ಒಂದೊಂದು ಮಳೆಗೂ ಒಂದೊಂದು ಎಲೆ ಉದುರುತ್ತಿತ್ತು. ಸಾಬರಿಗೆ ಊಟ ಸೇರುತ್ತಿರಲಿಲ್ಲ.

ಅರ್ಜಿ ಕೊಟ್ಟ ಮೇಲೆ ಹಳೇ ಕಟ್ಟಡಗಳ ಕಚೇರಿಯಿಂದ ಗುಮಾಸ್ತ ಮೋಹನ್‌ಬಾಬು ಲ್ಯಾಪ್‌ಟಾಪ್ ಹಿಡಿದು ಬಂದರು.

"ಗುಮ್ಮಟ ಅಂತ ಲಿಸ್ಟಲ್ಲಿಲ್ಲ ಸಾಬರೇ. ಗುಂಡಗಿರೋದು ಅಂದ್ರೆ ನೀರಿನ ಟ್ಯಾಂಕ್ ಒಂದೇ. ಅದನ್ನೇ ಒತ್ತಿದೀನಿ."

"ಮಿನಾರು?"

"ಮೊಬೈಲ್ ಟವರ್."

"ಸಾರ್, ನಮ್ ತಾತನ ಹೂಬಳ್ಳಿ..."

"ಬಳ್ಳಿ ಇದೆಯಲ್ಲಪ್ಪಾ! ತೋಟಗಾರಿಕೆ ಕೆಳಗೆ ಬರುತ್ತೆ." ಮೋಹನ್‌ಬಾಬು ಮೊದಲ ಸಲ ನಕ್ಕರು.

ಮೇಲೆ ಟ್ಯಾಂಕ್, ಕೆಳಗೆ ಬಳ್ಳಿ, ನಡುವೆ ತೊಟ್ಟಿಕ್ಕುವ ನೀರು. ಮೂರನ್ನೂ ಕೂಡಿಸಿ ನೋಡಿದ ಕಂಪ್ಯೂಟರು ಸೋರಿಕೆಯನ್ನು "ಹನಿ ನೀರಾವರಿ, ಯಶಸ್ವಿ" ಎಂದು ಘೋಷಿಸಿತು. ವಾರದೊಳಗೆ ಪ್ರಕಟಣೆ ಅಂಟಿಸಿದರು: "ಕಟಾವು ಮುಗಿಯುವವರೆಗೆ ಸದರಿ ಹನಿಯನ್ನು ಯಾರೂ ನಿಲ್ಲಿಸಕೂಡದು." ಸೋರುವ ಗುಮ್ಮಟದ ಕೆಳಗೇ ಸಾಬರಿಗೆ ಪ್ರಗತಿಪರ ರೈತ ಎಂದು ಶಾಲು ಹೊದಿಸಿದರು. ಶಾಲೂ ನೆನೆಯಿತು.

"ಕಟಾವು ತೋರಿಸಿಬಿಡಿ, ಅವತ್ತೇ ನೀರು ನಿಲ್ಲಿಸ್ತೀವಿ," ಎಂದರು ಮೋಹನ್‌ಬಾಬು.

"ಯಾವ ಬೆಳೆ ಅಂತ ಬರ್ಕೊಂಡಿದೀರಾ?"

"ಲಿಸ್ಟಲ್ಲಿ ಟೊಮೆಟೊ ಒಂದೇ ಇರೋದು."

ಸಾಬರು ನೇರ ಚಿಂತಾಮಣಿ ಮಾರ್ಕೆಟ್ಟಿಗೆ ಹೋಗಿ ಎರಡು ಬಾಕ್ಸ್ ಟೊಮೆಟೊ ತಂದು ಕಚೇರಿಯ ಮೇಜಿನ ಮೇಲಿಟ್ಟರು. ಮೋಹನ್‌ಬಾಬು ಒಂದನ್ನು ಒತ್ತಿ ನೋಡಿ ಮೊಹರು ಹಾಕಿದರು. ಮರುದಿನವೇ ಗಾರೆ ಕೆಲಸದವರು ಬಂದು ಟ್ಯಾಂಕಿನ ಬಿರುಕು ಮುಚ್ಚಿದರು. ಬಳ್ಳಿಯಲ್ಲಿ ಹನ್ನೊಂದು ಎಲೆ ಉಳಿದಿದ್ದವು. ಸಾಬರು ಅವನ್ನು ಸವರುತ್ತಾ ಅತ್ತುಬಿಟ್ಟರು.

ಈಗ ವರ್ಷ ವರ್ಷವೂ ಸಾಬರು ಎರಡು ಬಾಕ್ಸ್ ಒಪ್ಪಿಸುತ್ತಾರೆ. ಇಲ್ಲದಿದ್ದರೆ ಬೆಳೆ ಒಣಗಿದೆಯೆಂದು ಮತ್ತೆ ಹನಿ ಬಿಡಬೇಕೆಂಬ ನಿಯಮವಿದೆ. ತೊಟ್ಟು ನೀರಿಲ್ಲದೆ ಬೆಳೆಯುವ ತಳಿ ಎಂದು ಕಚೇರಿಯ ಗೋಡೆ ಮೇಲೆ ಗಾರೆಬಳ್ಳಿಯ ಫೋಟೊ ತೂಗುಹಾಕಿದ್ದಾರೆ. ಕಳೆದ ವಾರ ಶಿಡ್ಲಘಟ್ಟದ ಕಡೆಯ ರೈತ ಮುನಿಗಂಗಪ್ಪ ಬಸ್ಸು ಹತ್ತಿ ಬಂದು, ಮಸೀದಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗಾರೆಯ ಎಲೆಗಳನ್ನು ಬಹಳ ಹೊತ್ತು ನೋಡಿದರು.

"ರೋಗ ಇಲ್ಲ, ಹುಳ ಇಲ್ಲ. ಸಸಿ ಯಾವಾಗ ಸಿಗ್ತೈತೆ ಸಾಬರೇ?"

"ಹೆಸರು ಬರೆಸಿ ಹೋಗಣ್ಣ," ಎಂದರು ಸಾಬರು. "ನಿನಗಿಂತ ಮುಂದೆ ನಲವತ್ತು ಜನ ಅವ್ರೆ."