ಮಲಕಪ್ಪನವರು ಮನೆಯಲ್ಲೇ ಕೂತು ಗುಡ್ಡ ಆರಿಸಿದ್ದು

“ಭೋರ್‌ಗೆ ಹೋಗೂದ್ಯಾಕ? ಗುಡ್ಡಾನ ಮನೀಗೆ ಕರಸ್ತೀನಿ!” ಎಂದು ಕೋಥರೂಡದ ಮಲಕಪ್ಪನವರು ಘೋಷಿಸಿದರು.

ಮೂವತ್ತು ವರ್ಷ ನಕ್ಷೆ ಕಚೇರಿಯಲ್ಲಿ ಸವೆದ ಜೀವ. ಕಚೇರಿ ಗುಜರಿಗೆ ಹಾಕಲಿದ್ದ ಹಳೆಯ ಸ್ಟೀರಿಯೋಸ್ಕೋಪನ್ನು ಕಾಡಿ ಬೇಡಿ ಮನೆಗೆ ತಂದಿದ್ದರು. ವಿಮಾನದಿಂದ ತೆಗೆದ ಒಂದೇ ಜಾಗದ ಎರಡು ಫೋಟೊಗಳನ್ನು ಅದರ ಕೆಳಗೆ ಎಡಕ್ಕೊಂದು ಬಲಕ್ಕೊಂದು ಇಟ್ಟು ಇಣುಕಿದರೆ ಸಾಕು, ಗುಡ್ಡ ಎದ್ದು ನಿಲ್ಲುತ್ತದೆ, ಹಳ್ಳ ಕುಸಿಯುತ್ತದೆ!

ಹೆಂಡತಿ ರುದ್ರವ್ವನ ಆಸೆ ಒಂದೇ. ಅವರ ನೆಲಮಹಡಿಯ ಮನೆಗೆ ಮಳೆಗಾಲಕ್ಕೊಮ್ಮೆ ನೀರು ನುಗ್ಗುತ್ತಿತ್ತು. ಭೋರ್ ಹತ್ತಿರ ಅವಳೂ ಅವಳ ತಮ್ಮ ಬಸವಪ್ರಭುವೂ ಸೇರಿ ಎರಡು ಪ್ಲಾಟು ಹಿಡಿದಿದ್ದರು. ಯಾವುದು ಯಾರಿಗೆ ಎಂಬುದಷ್ಟೇ ಬಾಕಿ.

“ನೀರು ಏರಲಾರದಂಥ ಎತ್ತರದ ಜಾಗಾ ನಮಗಿರಲ್ರಿ. ಒಮ್ಮೆ ಬಸ್ಸಿಗೆ ಹೋಗಿ ಕಣ್ಣಾರೆ ನೋಡಿ ಬರೂಣು.”

“ಬರಿಗಣ್ಣಿಗೆ ಏನ ತಿಳೀತದ! ಕಚೇರಿಯಿಂದ ಆ ಜಾಗಾದ ಜೋಡಿ ಫೋಟೊ ತಂದೀನಿ, ಯಂತ್ರ ಹೇಳ್ತದ ತಡಿ.”

ಅಂದು ಖಂಡೇಪೂಜೆ. ಸ್ಕೂಟರು, ಮಿಕ್ಸರುಗಳ ಸಾಲಿನಲ್ಲಿ ಯಂತ್ರಕ್ಕೂ ವಿಭೂತಿ ಬಿತ್ತು. ರುದ್ರವ್ವ ಎಡಗಡೆಯ ಫೋಟೊದ ಮೂಲೆಗೂ ಒಂದು ಕುಂಕುಮದ ಬೊಟ್ಟಿಟ್ಟಳು. ಪೂಜೆ ಮುಗಿದು ಅವಳು ಫೋಟೊ ಎತ್ತಿಡಲು ಬಂದರೆ ಮಲಕಪ್ಪನವರು ಹೌಹಾರಿದರು.

“ಮುಟ್ಟಬ್ಯಾಡ! ಎಡದ್ದು ಬಲಕ್ಕ ಹೋತಂದ್ರ ಗುಡ್ಡ ಗುಂಡಿ ಆಗ್ತದ, ಗುಂಡಿ ಗುಡ್ಡ ಆಗ್ತದ. ಇದು ತಿಳಿದವರ ಕೆಲಸ!”

ತಿಳಿದವರೇ ಎತ್ತಿದರು. ಕುಂಕುಮ ಬಿದ್ದದ್ದು ಬಲಕ್ಕಿದ್ದರೆ ಶುಭವೆಂದು ಭಕ್ತಿಯಿಂದ ಬಲಕ್ಕೇ ಇಟ್ಟರು. ಇಣುಕಿದರು. ಆಹಾ! ಒಂದು ಪ್ಲಾಟು ಗೋಳಗುಮ್ಮಟದ ಹಾಗೆ ಉಬ್ಬಿ ನಿಂತಿದೆ, ಇನ್ನೊಂದು ಸಾಕ್ಷಾತ್ ಪಾತಾಳ! ಹಿರಿಯ ಅಳಿಯನ ಹಕ್ಕಿನಿಂದ ಗುಮ್ಮಟವನ್ನು ತಮಗಿಟ್ಟುಕೊಂಡು ಬಸವಪ್ರಭುವಿಗೆ ಫೋನು ಹಚ್ಚಿದರು.

“ನಿನ್ನ ಪಾಲಿಗೆ ಗುಂಡಿ ಬಂದದೋ ತಮ್ಮಾ. ಹೆದರಬ್ಯಾಡ, ಇಳೀಲಿಕ್ಕೆ ಏಣಿ ನಾ ಕೊಡಸ್ತೀನಿ!”

“ನೀವಂದ್ಹಂಗ ಆಗ್ಲಿ ಮಾವಾರ,” ಎಂದ ಆ ಪುಣ್ಯಾತ್ಮ. ವಾರದಲ್ಲಿ ಕಾಗದಪತ್ರವೂ ಮುಗಿಯಿತು.

ಭೂಮಿಪೂಜೆಯ ದಿನ ಮಲಕಪ್ಪನವರು ತೆಂಗಿನಕಾಯಿ ಹಿಡಿದು ತಮ್ಮ ಗುಮ್ಮಟ ಹುಡುಕಿದರು. ಪಕ್ಕದ ಹೊಲದವನು ಕೈತೋರಿಸಿದ. ಹಳೆಯ ಕಲ್ಲುಗಣಿ! ಅರ್ಧದವರೆಗೆ ನೀರು. ನೀರಿನಲ್ಲಿ ಮೂರು ಎಮ್ಮೆಗಳು ಹಾಯಾಗಿ ಮೂಗಷ್ಟೇ ಮೇಲಿಟ್ಟು ಮಲಗಿದ್ದವು.

ರುದ್ರವ್ವ ನೀರಿನಿಂದ ಗಂಡನತ್ತ ತಿರುಗಿದಳು.

“ಫೋಟೊ ಎತ್ತಿಟ್ಟಾವ್ರು ಯಾರ್ರಿ?”

ತಿಳಿದವರಿಗೆ ಬೊಟ್ಟು ನೆನಪಾಯಿತು, ಬಲಗಡೆಯೂ ನೆನಪಾಯಿತು. ರುದ್ರವ್ವ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡಳು.

“ಎಲ್ಲಿಗೆ ಹೊಂಟಿ?”

“ತಮ್ಮನ ಗುಂಡಿಗೆ ಇಳದು ಬರ್ತೀನ್ರಿ,” ಎಂದವಳೇ ಪಕ್ಕದ ದಿಬ್ಬವನ್ನು ಸರಸರ ಹತ್ತತೊಡಗಿದಳು.

ದಿಬ್ಬದ ತುದಿಯಲ್ಲಿ ಬಸವಪ್ರಭು ಕೈ ಬೀಸುತ್ತ ನಿಂತಿದ್ದ. ಕೆಳಗೆ ಎಮ್ಮೆಗಳ ಜೊತೆ ಉಳಿದ ಮಲಕಪ್ಪನವರನ್ನು ಕಂಡು ಕಳಕಳಿಯಿಂದಲೇ ಕೂಗಿದ:

“ಮಾವಾರ, ಏಣಿ ಇಳಸ್ಲೇನ್ರೀ?”