ನಾಯಿಗೆ ಅಂತ ತಂದ ಮುಲಾಮು

ಗುಟ್ಟು ಮುಚ್ಚಿಡೋಕೆ ಹೊರಟವನಿಗೇ ಊರೆಲ್ಲ ಎದುರಾಗೋದು. ತೊಂಬತ್ತರ ದಶಕದ ಒಂದು ಮಳೆಗಾಲದಲ್ಲಿ ನಂಗೆ ಹಾಗೇ ಆಯ್ತು. ಆಗ ಗೋಣಿಬೀಡಿನ ಹತ್ತಿರ ಒಬ್ಬ ಸಾಹುಕಾರ್ರ ಕಾಫಿ ಎಸ್ಟೇಟಲ್ಲಿ ನಾನು ರೈಟರ್, ಅಂದ್ರೆ ಲೆಕ್ಕ ಬರೆಯೋ ಗುಮಾಸ್ತ. ವಯಸ್ಸು ಮೂವತ್ತಾರು, ಇನ್ನೂ ಒಂಟಿ. ಪೇಟೆಯ ಟೈಲರಮ್ಮ, ಗಂಡ ತೀರಿಕೊಂಡು ಆರು ವರ್ಷ ಆದವರು, ನನ್ನನ್ನ ಮದುವೆ ಆಗೋಕೆ ಒಪ್ಪಿದ್ದರು. ತೋಟದಲ್ಲಿ ರಕ್ತ ಹೀರೋ ಇಂಬಳ ಕಾಲಿಗೆ ಹತ್ತದಿರಲಿ ಅಂತ ಸುಣ್ಣ, ಹೊಗೆಸೊಪ್ಪು ಕಲೆಸಿ ಡಬ್ಬಿ ತುಂಬಿ ಕೊಡೋರು, ಅಷ್ಟು ಪ್ರೀತಿ. ಮದುವೆಗೆ ಮೊದಲೇ ನಾವು ಒಂದಾಗಿದ್ದೂ ನಿಜ.

ವಾರದೊಳಗೆ ತೊಡೆ ಸಂದಿಯಲ್ಲಿ ಉರಿ, ನೀರುಗುಳ್ಳೆ! ಹೊಸ ಸಂಗಾತಿ, ಕೆಲವೇ ದಿನಕ್ಕೆ ಗುಳ್ಳೆ, ಹರ್ಪಿಸ್ ಅನ್ನೋ ಲೈಂಗಿಕ ರೋಗ ಇರಬಹುದು ಅಂತ ವಾರಪತ್ರಿಕೆಯಲ್ಲಿ ಓದಿದ್ದೆ. ಅವರಿಗೆ ಹೇಳಿದರೆ ಮದುವೆ ಮುರಿಯುತ್ತೆ, ಹೇಳದಿದ್ದರೆ ಮೋಸ.

೧. ಮೆಡಿಕಲ್ ಶಾಪ್

ಮೂಡಿಗೆರೆಯ ಮೆಡಿಕಲ್ ಶಾಪಲ್ಲಿ ಗಿರಾಕಿಗಳೆಲ್ಲ ಹೋಗೋ ತನಕ ಕ್ಯಾಲೆಂಡರ್ ನೋಡ್ತಾ ನಿಂತೆ. ಆಮೇಲೆ ಮೆಲ್ಲಗೆ, "ಗುಳ್ಳೆಗೆ ಮುಲಾಮು ಕೊಡಿ" ಅಂದೆ.

"ಯಾರಿಗೆ? ಎಲ್ಲಿ ಗುಳ್ಳೆ?"

"ಸಾಹುಕಾರ್ರ ನಾಯಿಗೆ. ಹಿಂಗಾಲಿನ ಹತ್ರ."

ಪುಣ್ಯಾತ್ಮ ಮುಲಾಮು ಕೊಟ್ಟ. ನಾನು ಎಸ್ಟೇಟ್ ಮುಟ್ಟೋದ್ರೊಳಗೆ ಸಾಹುಕಾರ್ರಿಗೆ ಫೋನೂ ಮಾಡಿದ್ದ, ನಾಯಿ ಹೇಗಿದೆ ಅಂತ.

೨. ಪಶು ಆಸ್ಪತ್ರೆ

"ನಮ್ಮ ನಾಯಿಗೆ ಗುಳ್ಳೆ ಎದ್ದಿದ್ದು ನಂಗೇ ಗೊತ್ತಿಲ್ವಲ್ಲ ಮಾರಾಯ! ಹತ್ತು ಜೀಪು" ಅಂದರು ಸಾಹುಕಾರ್ರು. ನಾಯಿಯನ್ನ ನನ್ನ ತೊಡೆ ಮೇಲೇ ಕೂರಿಸಿದರು. ಆ ಗುಂಡಿ ರಸ್ತೆ, ಆ ನಾಯಿ, ನನ್ನ ಉರಿ, ಶತ್ರುವಿಗೂ ಬೇಡಪ್ಪ.

ಪಶು ಡಾಕ್ಟರ್ ನಾಯಿಯನ್ನ ಮೂತಿಯಿಂದ ಬಾಲದ ತನಕ ನೋಡಿ, "ಗುಂಡುಕಲ್ಲಿನ ಹಾಗಿದೆ ಸರ್" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವ್ಯಾಕ್ರೀ ಕಾಲು ಅಗಲಿಸಿ ನಡೀತೀರಿ?"

೩. ಹೊಲಿಗೆ ಅಂಗಡಿ

ತಡೀಲಾರದೆ ಟೈಲರಮ್ಮನಿಗೆ ಎಲ್ಲ ಹೇಳಿದೆ, ನಾಯಿ ಕಥೆ ಸಮೇತ. ಅವರು ಮಿಷನ್ ನಿಲ್ಲಿಸಿದರು.

"ನನ್ನಿಂದ ಬಂತು ಅಂತೀರಾ?"

"ಯಾರಿಂದ ಯಾರಿಗೋ ಗೊತ್ತಿಲ್ಲ. ನಿಮ್ಮಿಂದ ಮುಚ್ಚಿಡೋಕೆ ಆಗ್ಲಿಲ್ಲ ಅಷ್ಟೇ."

ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅವರು ಹೊಲಿಯೋ ಬಟ್ಟೆ ಮಡಿಚಿಟ್ಟು ಹೇಳಿದರು: "ನಾಳೆ ಚಿಕ್ಕಮಗಳೂರಿಗೆ ಹೋಗಿ ಇಬ್ರೂ ತೋರಿಸ್ಕೊಳ್ಳೋಣ. ಬಸ್ಸಲ್ಲೇ ಹೋಗೋಣ. ನೀವು ನಿಂತ್ಕೊಂಡು ಬರಬಹುದು."

೪. ಚರ್ಮದ ಡಾಕ್ಟರ್

ಡಾಕ್ಟರ್ ಪರೀಕ್ಷೆ ಮಾಡಿ, "ಇದು ಹರ್ಪಿಸ್ ಅಲ್ಲ, ಸುಟ್ಟ ಗಾಯ. ಹರ್ಪಿಸ್ ಆಗಿದ್ರೂ ಮಾತ್ರೆ ಇದೆ, ಸಂಸಾರ ಏನೂ ಮುಳುಗಲ್ಲ. ಇಲ್ಲಿಗೆ ಏನು ಹಚ್ಚಿದ್ರಿ?" ಅಂದರು.

"ಏನಿಲ್ಲ ಸರ್. ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು..."

ಟೈಲರಮ್ಮ ಹಣೆ ಚಚ್ಚಿಕೊಂಡರು. "ಮೊಣಕಾಲ ತನಕ ಹಚ್ಕೊಳ್ಳಿ ಅಂದಿದ್ದೆ ಸರ್. ಇವ್ರು ಹಬ್ಬಕ್ಕೆ ಗೋಡೆ ಬಳಿದ ಹಾಗೆ ಸೊಂಟದ ತನಕ ಬಳ್ಕೊಂಡಿದ್ದಾರೆ!"

"ಮದುವೆ ಹತ್ರ ಬಂತಲ್ಲ, ಇಂಬಳ ಎಲ್ಲಾದ್ರೂ ಹತ್ತಿಬಿಟ್ರೆ ಅಂತ..." ಅಂದೆ. ಡಾಕ್ಟರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನಂಗೆ ಹೋದ ಜೀವ ಬಂತು.

೫. ಮದುವೆ ಊಟ

ಮದುವೆಗೆ ಮೆಡಿಕಲ್ ಶಾಪಿನವನೂ ಬಂದಿದ್ದ. ತುಂಬಿದ ಪಂಕ್ತಿಯಲ್ಲಿ, ಸಾಹುಕಾರ್ರ ಪಕ್ಕದಲ್ಲೇ ಕೂತು ಜೋರಾಗಿ ಕೇಳಿದ: "ರೈಟ್ರೇ, ಆ ನಾಯಿ ಗುಳ್ಳೆ ವಾಸಿ ಆಯ್ತಾ?"

ನಾನು ಎಲೆ ಮೇಲೆ ತಲೆ ಬಗ್ಗಿಸಿದೆ. ನನ್ನ ಹೊಸ ಹೆಂಡತಿ ಹೋಳಿಗೆ ಮೇಲೆ ತುಪ್ಪ ಹಾಕ್ತಾ ತಣ್ಣಗೆ ಹೇಳಿದಳು: "ಪೂರ್ತಿ ವಾಸಿ ಆಗಿದೆ ಅಣ್ಣ. ಇನ್ಮೇಲೆ ಅದನ್ನ ನಾನೇ ನೋಡ್ಕೊಳ್ತೀನಿ."