ನವಿಲಿನ ಹಿಂದೆ ಕೋಳಿ

ನಡುರಾತ್ರಿ ‘ಟಿಣ್’ ಎಂದಿತು. ವಿಠೋಬಾ ಅಳುವ ಕೂಸಿನ ಬಾಯಿ ಮುಚ್ಚುವವನಂತೆ ಕಂಪ್ಯೂಟರಿನ ಮೇಲೆ ಕೌದಿ ಹೊಚ್ಚಿದ.

ಅದು ಕಂಪನಿಯ ಡ್ರೈವರ್ ಎದ್ದಾಗ ಆಗುವ ಸಪ್ಪಳ. ಕಂಪ್ಯೂಟರಿನ ಚಿತ್ರವನ್ನು, ಮಗ್ಗದ ಮೇಲೆ ಕೂತು ಎಳೆ ಎತ್ತುವ ಜಕಾರ್ಡಿಗೆ ತಿಳಿಸುವ ತಂತ್ರಾಂಶವೇ ಡ್ರೈವರ್. ಜಕಾರ್ಡ್ ಮಾರುವ ಕಂಪನಿ ಕೊಟ್ಟಿದ್ದರ ಒಳಗೇನಿದೆಯೆಂದು ಯಾರೂ ನೋಡುವಂತಿಲ್ಲ. ಬೆಟಗೇರಿಯ ಆ ಓಣಿಯಲ್ಲಿ ಅದಕ್ಕೆ ಬಹಿಷ್ಕಾರ; ಹಾಕಿಸಿದವನೂ ವಿಠೋಬಾನೇ. “ನೇಕಾರ ಸೀರಿ ತಿರುವಿ ಹಿಂಬದಿ ತೋರಿಸ್ತಾನ. ತಂತ್ರಾಂಶಾನೂ ಹಂಗ ಇರಬೇಕು” ಎಂದು ಎಲ್ಲರಿಂದ ಮಗ್ಗ ಮುಟ್ಟಿಸಿ ಆಣೆ ಮಾಡಿಸಿದ್ದ. ತಾನು ಬರೆದ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಮುಕ್ತ ಡ್ರೈವರನ್ನು ಮನೆಮನೆಗೆ ಹಂಚಿದ್ದ. ಅದಕ್ಕೆ ಒಂದೇ ಊನ: ನವಿಲು ನೇಯೆಂದರೆ ಕೋಳಿ ನೇಯುತ್ತಿತ್ತು.

ಹೆಂಡತಿ ರೋಹಿಣಿಯ ತಂಗಿಗೆ ಮದುವೆ. ನವಿಲಿನ ಸೀರೆ ಒಯ್ಯಲು ಅತ್ತೆ ಅನ್ನವ್ವ ಮರುದಿನ ಸಂಜೆ ಲಕ್ಷ್ಮೇಶ್ವರದಿಂದ ಬರುವವಳಿದ್ದಳು. ಕೋಳಿ ಬಂದರೆ ಅಳಿಯ ಮದುವೆಗೆ ಬರುವುದೇ ಬೇಡವೆಂದು ಮೊದಲೇ ಹೇಳಿದ್ದಳು. ಅದಕ್ಕೇ ವಿಠೋಬಾ ಕದ್ದು ಕಂಪನಿಯದನ್ನು ಹಾಕಿಕೊಂಡಿದ್ದ.

ಬೆಳಗ್ಗೆ ಸೆರಗಿನ ಮೇಲೆ ನವಿಲುಗಳು ಕುಣಿಯುತ್ತಿದ್ದಾಗ ನೆರೆಮನೆಯ ಕಸ್ತೂರೆವ್ವ ಹೆಪ್ಪು ಕೇಳಲು ಬಂದವಳು ಬಟ್ಟಲು ಹಿಡಿದು ನಿಂತೇಬಿಟ್ಟಳು. ಮುಕ್ತದ್ದನ್ನೇ ತಿದ್ದಿದೆನೆಂದ ವಿಠೋಬಾ.

“ಹಂಗಾರ ನಮಗೂ ಕೊಡಪಾ. ಹಂಚಬೇಕಂತ ನೀನ ಹೇಳೀದಿ.”

ಅವಳು ಮನೆ ಮುಟ್ಟುವ ಮೊದಲೇ ಖಬರು ಓಣಿ ಮುಟ್ಟಿತು. ಹಿರಿಯ ಸಕ್ರಪ್ಪನ ಹಿಂದೆ ಜನ ಪೆನ್‌ಡ್ರೈವ್ ಹಿಡಿದು ಪ್ರಸಾದಕ್ಕೆ ನಿಂತಂತೆ ನಿಂತರು.

“ಬಿಚ್ಚಿ ತೋರಿಸಲೇ, ಹಿಂಬದಿ ನೋಡೂಣು” ಎಂದ ಸಕ್ರಪ್ಪ.

ಕರೆಂಟಿಲ್ಲವೆಂದ ವಿಠೋಬಾ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಕೊನೆಗೆ ಪರದೆಗೆ ಬೆನ್ನು ಅಡ್ಡ ಕೊಟ್ಟು ಕಂಪನಿಯದನ್ನು ಅಳಿಸಿ, ತನ್ನ ಹಳೆಯದನ್ನು ಹಾಕಿ, ಅದರ ಸಾಲುಸಾಲನ್ನೂ ತೋರಿಸಿದ. ತಿಳಿಯದವರೆಲ್ಲ ತಲೆದೂಗಿದರು.

“ಈಗ ನೇಯಿ” ಎಂದಳು ಕಸ್ತೂರೆವ್ವ.

ನವಿಲಿನ ಹಿಂದೆ ಒಂದು ಕೋಳಿ ಬಂತು. ಅದರ ಹಿಂದೆ ಇನ್ನೊಂದು, ಕರೆಯದೆ ಬಂದ ಬೀಗರಂತೆ. ಯಾಕೋ ಎಲ್ಲರ ಮುಖವೂ ನಿರಾಳವಾಯಿತು. “ಮುಕ್ತದ್ದ ಐತಿ ಬಿಡು. ಆಣಿ ಮುರಿದಿಲ್ಲ ನೀ” ಎಂದು ಸಕ್ರಪ್ಪ ಬೆನ್ನು ಚಪ್ಪರಿಸಿದ.

ಸಂಜೆ ಅನ್ನವ್ವ ಸೀರೆ ಬಿಡಿಸಿದಳು, ಮಡಚಿದಳು, ಅಲ್ಲೇ ಇಟ್ಟಳು. “ಮದವಿಗೆ ರೋಹಿಣಿ ಒಬ್ಬಾಕೀನ ಬರಲಿ.”

ಆ ರಾತ್ರಿ ವಿಠೋಬಾನಿಗೆ ನಿದ್ದೆ ಹತ್ತಲಿಲ್ಲ. ಕಸ್ತೂರೆವ್ವನ ಮನೆಯಿಂದ ‘ಟಿಣ್’ ಎಂದಿತು. ತುಸು ಹೊತ್ತಿಗೆ ಸಕ್ರಪ್ಪನ ಮನೆಯಿಂದ. ಆಮೇಲೆ ಓಣಿಯ ತುದಿಯವರೆಗೆ ಟಿಣ್, ಟಿಣ್. ಇಷ್ಟು ದಿನ ಅವನು ಅದನ್ನು ಯಾರದೋ ಆಕಳ ಕೊರಳ ಗಂಟೆ ಎಂದುಕೊಂಡಿದ್ದ.

ಎಲ್ಲರನ್ನೂ ಈಗಲೇ ಎಬ್ಬಿಸಿ ಮಾನ ಕಳೆಯುತ್ತೇನೆಂದು ಜಿಗಿದೆದ್ದು ಬಾಗಿಲ ಅಗಳಿಗೆ ಕೈ ಹಾಕಿದ.

“ಆ ಸಪ್ಪಳದ ಗುರ್ತು ನಿಮಗ ಹೆಂಗ ಸಿಕ್ತು ಅಂತ ಕೇಳಿದ್ರ ಏನ ಹೇಳ್ತೀರಿ?” ಎಂದಳು ರೋಹಿಣಿ, ಮಗ್ಗುಲು ಬದಲಿಸದೆ.

ವಿಠೋಬಾ ಅಗಳಿ ಬಿಟ್ಟ. ಸತ್ತರೂ ಯಾರಿಗೂ ಹೇಳಬಾರದೆಂದುಕೊಂಡು, ನಿನ್ನೆಯ ಕೌದಿಯನ್ನು ತನ್ನ ಕಿವಿಯ ಮೇಲೆ ಎಳೆದುಕೊಂಡ.